ಸೂಪರ್ ಮಾರ್ಕೆಟ್‌ಗೆ ಸಿಟಿ ಬಸ್ಸಲ್ಲಿ: ಹೋಗುವುದು ಸಲೀಸು, ಬರುವಾಗ ಸ್ವಲ್ಪ ಲೆಕ್ಕ ಹಾಕಿ

ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ತರಕಾರಿ ತರೋಕೆ ಹೋಗಿ, ಕಿರಾಣಿಗೆ ಹೋಗಿ, ಇಲ್ಲ ಸುಮ್ನೆ ಮಿರ್ಚಿ ಭಜಿ ತಿಂದು ಬರೋಣ ಅಂತ ಹೋಗಿ, ಗಾಡಿ ಮಾತ್ರ ಮನೆಯಲ್ಲೇ ಬಿಡಿ. ಸಿಟಿ ಬಸ್ ಹತ್ತಿ. ಹೋಗುವ ದಾರಿಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬರುವ ದಾರಿಗೆ ಮೂರು. ಅದೂ ಕೈಯಲ್ಲಿ ಚೀಲ ಹಗುರ ಇದ್ದರೆ.

ಹೊರಗಿನಿಂದ ಬರುವವರಿಗೆ ಒಂದು ಮಾತು. ಇದು ಎಸಿ ಹಾಕಿದ ಅಂಗಡಿ ಅಲ್ಲ. ಊರ ನಡುವಿನ ಇಡೀ ಪೇಟೆ. ತರಕಾರಿ, ಹಣ್ಣು, ಬಟ್ಟೆ, ಪಾತ್ರೆ, ಚಪ್ಪಲಿ ಎಲ್ಲ ಇಲ್ಲೇ. ಸಿಟಿ ಬಸ್ಸುಗಳ ನಿಲ್ದಾಣವೂ ಇಲ್ಲೇ ಇದೆ, ಅದೇ ದೊಡ್ಡ ಅನುಕೂಲ. ಇಳಿದು ಮತ್ತೆ ಆಟೋ ಹುಡುಕುವ ಕೆಲಸ ಇಲ್ಲ. ಯೂನಿವರ್ಸಿಟಿ ಕಡೆಯವರು, ದರ್ಗಾ ಕಡೆಯವರು, ರಿಂಗ್ ರೋಡ್ ಆಚೆಯ ಬಡಾವಣೆಯವರು, ಯಾರೇ ಇರಲಿ, ಬೋರ್ಡ್ ಓದಲು ಆಗದಿದ್ದರೆ ಕಂಡಕ್ಟರ್‌ಗೆ "ಸೂಪರ್ ಮಾರ್ಕೆಟ್ ಹೋಗ್ತದೇನ್ರೀ" ಅಂತ ಕೇಳಿದರೆ ಸಾಕು. ಕನ್ನಡದಲ್ಲಿ ಕೇಳಿ, ಇಲ್ಲಿನ ದಖನಿ ಉರ್ದುವಿನಲ್ಲಿ ಕೇಳಿ, ಉತ್ತರ ಸಿಗುತ್ತದೆ. ಅಂದಹಾಗೆ ನಮ್ಮ ಸಿಟಿ ಬಸ್ಸಿಗೆ ನೃಪತುಂಗ ಅಂತ ಹೆಸರಿದೆ, ಇಲ್ಲೇ ಪಕ್ಕದ ಮಳಖೇಡದಲ್ಲಿ ಆಳಿದ ದೊರೆಯ ಹೆಸರು. ಆದರೆ ಸ್ಟಾಪಲ್ಲಿ ನಿಂತವರು ಯಾರೂ ಹಾಗೆ ಕರೆಯುವುದಿಲ್ಲ, ಎಲ್ಲರಿಗೂ ಅದು ಸಿಟಿ ಬಸ್ಸೇ.

ರೈಲಲ್ಲಿ ಬರುವವರಿಗೂ ಕಷ್ಟ ಇಲ್ಲ. ವಾಡಿ, ಶಹಾಬಾದ್, ಯಾದಗಿರಿ ಕಡೆಯವರು ಮೊದಲಿಂದಲೂ ರೈಲಿಗೇ ಬರುತ್ತಾರೆ. 2017ರಲ್ಲಿ ಬೀದರ್ ಲೈನ್ ಶುರುವಾದ ಮೇಲೆ ಹುಮನಾಬಾದ್, ಕಮಲಾಪುರದವರಿಗೂ ದಾರಿ ಆಯಿತು. ಸ್ಟೇಷನ್ನಿಂದ ಸರ್ದಾರ್ ಪಟೇಲ್ ವೃತ್ತ, ಜಗತ್ ವೃತ್ತ ದಾಟಿದರೆ ಮಾರ್ಕೆಟ್ ಬಂದೇ ಬಿಡುತ್ತದೆ. ಚಳಿಗಾಲದಲ್ಲಿ ನಡೆದೇ ಹೋಗಬಹುದು. ಏಪ್ರಿಲ್, ಮೇನಲ್ಲಿ ಆ ಸಾಹಸ ಬೇಡ. 42 ಡಿಗ್ರಿ ಬಿಸಿಲಲ್ಲಿ ನಡೆದು ಹೋಗಿ ಸೊಪ್ಪು ಆರಿಸುವ ತಾಳ್ಮೆ ಯಾರಿಗೂ ಇರಲ್ಲ.

ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್ ಕೊಡುತ್ತಾರೆ. ದುಡ್ಡು ಕೊಡಬೇಕಿಲ್ಲ ಅಂತ ಟಿಕೆಟ್ ಇಸ್ಕೊಳ್ಳದೆ ಕೂರಬೇಡಿ, ಚೆಕಿಂಗ್‌ನವರು ಹತ್ತಿದರೆ ಅದನ್ನೇ ಕೇಳುತ್ತಾರೆ. ಇದರಿಂದ ಮಾರ್ಕೆಟ್ ಮಾಡುವ ರೀತಿಯೇ ಬದಲಾಗಿದೆ ಅನ್ನಿಸುತ್ತದೆ ನನಗೆ. ಮೊದಲು ವಾರಕ್ಕೆ ಆಗುವಷ್ಟು ಒಂದೇ ಸಲ ಹೊತ್ತು ತರುತ್ತಿದ್ದೆವು. ಈಗ ಒಂದು ಸೂಡು ಮೆಂತೆ ಪಲ್ಲೆ, ಒಂದಿಷ್ಟು ಪುಂಡಿ ಪಲ್ಲೆ, ಕಾಲು ಕಿಲೋ ಹಸಿ ಮೆಣಸಿನಕಾಯಿ ಬೇಕು ಅಂದರೂ ಬಸ್ ಹತ್ತಬಹುದು. ಅಷ್ಟಕ್ಕೆ ಆಟೋ ಮಾಡಿದರೆ ಪಲ್ಲೆಗಿಂತ ಬಾಡಿಗೆಯೇ ಜಾಸ್ತಿ, ಅಲ್ವಾ?

ಯಾವಾಗ ಹೋಗಬೇಕು ಅಂದರೆ, ಬೆಳಿಗ್ಗೆ. ಸೊಪ್ಪು ಇನ್ನೂ ಹಸಿಯಾಗಿರುತ್ತದೆ, ಬಸ್ಸಲ್ಲಿ ಸೀಟೂ ಸಿಗುತ್ತದೆ. ಕಾಲೇಜು, ಆಫೀಸಿನ ಹೊತ್ತಿಗೆ ಸಿಕ್ಕಿಕೊಂಡರೆ ನಿಂತೇ ಹೋಗಬೇಕು. ಸಂಜೆ ಐದರ ಮೇಲೆ ಕಥೆ ಬೇರೆ. ಮಾರ್ಕೆಟ್ ರಸ್ತೆಯಲ್ಲಿ ತಳ್ಳುಗಾಡಿ, ಆಟೋ, ಬೈಕು, ನಡುವೆ ಒಂದು ದನ. ಬಸ್ಸು ಕೊನೆಯ ಅರ್ಧ ಕಿಲೋಮೀಟರ್ ತೆವಳುತ್ತದೆ. ಅಂಥ ಹೊತ್ತಲ್ಲಿ ಜಗತ್ ವೃತ್ತದಲ್ಲೇ ಇಳಿದು ನಡೆದರೆ ಬಸ್ಸಿಗಿಂತ ಮೊದಲು ಮುಟ್ಟುತ್ತೀರಿ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ ಬರುತ್ತದೆ. ಆಗ ಬಸ್ ಎಲ್ಲಿಂದ ಹೋಗುತ್ತದೆ ಅಂತ ಕೇಳಿಕೊಂಡೇ ಹತ್ತಿ.

ವರ್ಷದಲ್ಲಿ ಒಂದು ದಿನ ಈ ಮಾರ್ಕೆಟ್ ನೋಡಲೇಬೇಕು ಅಂದರೆ ಅದು ಎಳ್ಳಮಾವಾಸ್ಯೆಯ ಹಿಂದಿನ ದಿನ. ಮರುದಿನ ಎಲ್ಲರೂ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಅಡುಗೆಯನ್ನು ಬೆಳೆಯ ಮೇಲೆ ಚೆಲ್ಲಿ ಭೂತಾಯಿಗೆ ನೈವೇದ್ಯ ಮಾಡಲು ಹೋಗುವವರು. ಭಜ್ಜಿ ಪಲ್ಲೆ ಮಾಡಲು ಇದ್ದಬದ್ದ ಸೊಪ್ಪೆಲ್ಲ ಬೇಕು, ಹಸಿ ತೊಗರಿ ಕಾಳು ಬೇಕು, ಹಸಿ ಕಡಲೆ ಬೇಕು, ಬದನೆಕಾಯಿ, ಗಜ್ಜರಿ, ಬಾರಿಹಣ್ಣು, ಎಲ್ಲವೂ ನೆಲದ ಮೇಲೆ ರಾಶಿ ರಾಶಿ, ಕಾಲಿಡಲು ಜಾಗ ಇರುವುದಿಲ್ಲ. ಎಲ್ಲ ಕಾಳು, ಸೊಪ್ಪು ಸೇರಿಸಿ ಪಾಲು ಕಟ್ಟಿ ಮಾರುವವರೂ ಇರುತ್ತಾರೆ, ಹೊಸದಾಗಿ ಸಂಸಾರ ಹೂಡಿದವರಿಗೆ ಅದು ಸುಲಭ. ಆವತ್ತು ಬೈಕ್ ತಂದವರು ಅದನ್ನು ನಿಲ್ಲಿಸಲು ಜಾಗ ಹುಡುಕುತ್ತಾ ಸುತ್ತುತ್ತಿರುತ್ತಾರೆ, ಬಸ್ಸಲ್ಲಿ ಬಂದವರು ಅಷ್ಟರಲ್ಲಿ ಚೌಕಾಸಿ ಮುಗಿಸಿರುತ್ತಾರೆ.

ಇನ್ನು ಬರುವಾಗಿನ ಕಥೆ. ನಿಲ್ದಾಣದಿಂದಲೇ ಬಸ್ ಹೊರಡುವುದರಿಂದ ಬೇಗ ಹತ್ತಿದರೆ ಸೀಟು ಸಿಗುತ್ತದೆ. ಆದರೆ ಬೇಗ ಹತ್ತುವವರು ಕೈಯಲ್ಲಿ ಟೊಮ್ಯಾಟೊ ಇಲ್ಲದವರು. ಟೊಮ್ಯಾಟೊ, ದ್ರಾಕ್ಷಿ, ತತ್ತಿ ಇದ್ದರೆ ಆ ನೂಕುನುಗ್ಗಲು ಬಿಟ್ಟುಬಿಡಿ, ಮುಂದಿನ ಬಸ್ಸಿಗೆ ಕಾಯಿರಿ. ತೊಗರಿ ಬೇಳೆ, ಜೋಳದ ಹಿಟ್ಟು ಚೀಲದ ಅಡಿಗೆ ಹಾಕಿ, ಸೊಪ್ಪು ಮೇಲೆ. ಒಂದು ದೊಡ್ಡ ಚೀಲಕ್ಕಿಂತ ಎರಡು ಸಣ್ಣ ಚೀಲ ಒಳ್ಳೆಯದು, ಕಾಲ ಬಳಿ ಇಟ್ಟುಕೊಳ್ಳಬಹುದು.

ಆಟೋಗಳ ಬಗ್ಗೆ ಎರಡು ಮಾತು. ಶೇರ್ ಆಟೋ ಅಗ್ಗ, ಆದರೆ ಮೂರು ಜನರ ಸೀಟಲ್ಲಿ ಎಷ್ಟು ಜನ ಅಂತ ಕೇಳಬೇಡಿ. ಬಾಡಿಗೆ ಆಟೋ ಆದರೆ ಹತ್ತುವ ಮೊದಲೇ ದರ ಮಾತಾಡಿ, ಚೀಲ ಒಳಗಿಟ್ಟ ಮೇಲೆ ಅಲ್ಲ. ಒಬ್ಬರು ಮಾತಾಡಿ ಒಪ್ಪಿ, ಮನೆ ಮುಂದೆ ಇಳಿದ ಮೇಲೆ "ಅಕ್ಕಾ, ಸಾಮಾನು ಭಾಳ ಅದ" ಅಂತ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದರು. ಸಾಮಾನು ಅವರ ಕಣ್ಣ ಮುಂದೆಯೇ ಹತ್ತಿಸಿದ್ದು! ನಾನು ಕೊಡಲಿಲ್ಲ.

ಹಸಿವಾದರೆ ಮಾರ್ಕೆಟ್ಟಲ್ಲೇ ಸುಸಲಾ (ನೆನೆಸಿದ ಮಂಡಕ್ಕಿಯ ಒಗ್ಗರಣೆ), ಮಿರ್ಚಿ ಭಜಿ ಸಿಗುತ್ತವೆ. ಮಾಂಸ ತಿನ್ನುವವರು ದರ್ಗಾ ಕಡೆಯ ಬಸ್ಸು ಇಲ್ಲವೇ ಶೇರ್ ಆಟೋ ಹಿಡಿದು ಮುಸ್ಲಿಂ ಚೌಕ್‌ಗೆ ಹೋಗಿ ತಹರಿ (ಮಾಂಸ ಹಾಕಿ ಮಾಡಿದ ಮಸಾಲೆ ಅನ್ನ) ತಿನ್ನಿ. ರಂಜಾನ್ ತಿಂಗಳಲ್ಲಂತೂ ಸಂಜೆ ಅಲ್ಲಿ ಹಲೀಮ್‌ಗೆ ಮುಗಿಬೀಳುತ್ತಾರೆ. ಆದರೆ ತರಕಾರಿ ಚೀಲ ಹಿಡಿದುಕೊಂಡು ಅಲ್ಲಿಗೆ ಹೋಗಬೇಡಿ. ಮೊದಲು ತಹರಿ, ಆಮೇಲೆ ಮಾರ್ಕೆಟ್. ರಾತ್ರಿ ಆಗುವುದಾದರೆ ನಿಮ್ಮ ಕಡೆಯ ಕೊನೆ ಬಸ್ ಎಷ್ಟಕ್ಕೆ ಅಂತ ಇಳಿಯುವಾಗಲೇ ಕಂಡಕ್ಟರ್‌ಗೆ ಕೇಳಿಟ್ಟುಕೊಳ್ಳಿ.