ತಲಕಾವೇರಿಯ ಏರಿಗೆ ಮೂರು ಬಗೆಯ ತಯಾರಿ

ನನಗೆ 48 ತುಂಬಿದ ವರ್ಷ, ತುಲಾ ಸಂಕ್ರಮಣದ ಜನಸಂದಣಿ ಕರಗಿದ ಮೇಲೆ, ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ಏರನ್ನು ಸೈಕಲ್ಲಿನಲ್ಲಿ ಹತ್ತಲು 44 ನಿಮಿಷ ಹಿಡಿಯಿತು. ನಲವತ್ತರ ಆಸುಪಾಸಿನಲ್ಲಿ ಅದೇ ಏರನ್ನು 38 ನಿಮಿಷದಲ್ಲಿ ಮುಗಿಸುತ್ತಿದ್ದೆ. ವಯಸ್ಸಾದಂತೆ ದೇಹವು ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ ತಗ್ಗುವುದು ಸಹಜ. ಆದರೆ ಎಷ್ಟು ಬೇಗ ತಗ್ಗುತ್ತದೆ ಎಂಬುದು ಬಹುಮಟ್ಟಿಗೆ ಅಭ್ಯಾಸದ ಮೇಲೆ ನಿಂತಿದೆ.

ಹಾಗಾಗಿ ಮೂರು ಬಗೆಯ ಅಭ್ಯಾಸವನ್ನು ಒಂದೊಂದಾಗಿ ಮಾಡಿ, ಪ್ರತಿಯೊಂದರ ಕೊನೆಗೆ ಅದೇ ಏರಿನಲ್ಲಿ ಸಮಯ ನೋಡಿದೆ. ಮೊದಲ ಎಂಟು ವಾರ ನಿಧಾನದ ದೂರ ಸವಾರಿ ಮಾಡಿದೆ. ವಯಸ್ಸಿನ 0.7 ಪಾಲನ್ನು 208ರಿಂದ ಕಳೆಯುವ ಅಂದಾಜಿನಂತೆ ನನ್ನ ಗರಿಷ್ಠ ಹೃದಯಬಡಿತ ಸುಮಾರು 174. ಅದರ ಮುಕ್ಕಾಲು ಭಾಗವಾದ 130ನ್ನು ಮೀರದೆ, ಪಕ್ಕದವರೊಡನೆ ಮಾತಾಡುತ್ತಲೇ ತುಳಿಯಬೇಕು. ಮೈಸೂರಿನವರಿಗೆ ಇದು ಸುಲಭವಿರಬಹುದು. ಮಡಿಕೇರಿಯಿಂದ ಮೂರ್ನಾಡಿಗೋ ಸುಂಟಿಕೊಪ್ಪಕ್ಕೋ ಇಳಿದವನು ಮತ್ತೆ ಹತ್ತಿಯೇ ಮನೆ ಸೇರಬೇಕು, ಹತ್ತುವಾಗ ಬಡಿತ 150 ದಾಟುತ್ತದೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಗೇರಿನಲ್ಲಿ. ಮುಂದಿನ 34 ಹಲ್ಲಿನ ಚಕ್ರಕ್ಕೆ ಹಿಂದೆ 28 ಹಲ್ಲು ಇದ್ದಾಗ, ಗಂಟೆಗೆ 10 ಕಿ.ಮೀ. ವೇಗದಲ್ಲಿ ಪೆಡಲ್ ನಿಮಿಷಕ್ಕೆ ಸುಮಾರು 65 ಸುತ್ತು ಮಾತ್ರ ತಿರುಗುತ್ತಿತ್ತು. ಹಿಂದೆಯೂ 34 ಹಲ್ಲು ಹಾಕಿಸಿ ಚೈನು ಉದ್ದ ಮಾಡಿಸಿದ ಮೇಲೆ ಅದೇ ವೇಗಕ್ಕೆ 79 ಸುತ್ತು ಸಿಕ್ಕಿ ಮಂಡಿ ಹಗುರಾಯಿತು. ಡಿಸೆಂಬರ್ ಕೊನೆಯ ಫಲಿತಾಂಶ 42 ನಿಮಿಷ. ವಾರಕ್ಕೆ ಏಳೆಂಟು ಗಂಟೆ ಕೊಟ್ಟದ್ದಕ್ಕೆ, ಅದೂ ಕಾಫಿ ಕೊಯ್ಲಿನ ಕಾಲದಲ್ಲಿ, ಇದು ಕಡಿಮೆಯೆಂದೇ ನನಗನ್ನಿಸಿತು.

ಮುಂದಿನ ಎಂಟು ವಾರ ಅಬ್ಬಿ ಜಲಪಾತದ ಕಡೆಯಿಂದ ಮಡಿಕೇರಿಗೆ ಮರಳುವ ಏರಿನಲ್ಲಿ ನಾಲ್ಕು ನಿಮಿಷ ಬಿರುಸಾಗಿ, ಮೂರು ನಿಮಿಷ ಸಾವಕಾಶವಾಗಿ, ಹೀಗೆ ನಾಲ್ಕು ಸಲ ತುಳಿದೆ. ಮೂರನೆಯ ಸಲಕ್ಕೆ ಬಾಯಲ್ಲಿ ಕಬ್ಬಿಣದ ರುಚಿ ಬರುತ್ತಿತ್ತು, ಹ್ಯಾಂಡಲ್ ಬೆವರಿಗೆ ಜಾರುತ್ತಿತ್ತು. ಉತ್ಸಾಹದಲ್ಲಿ ವಾರಕ್ಕೆ ಮೂರು ದಿನ ಮಾಡಿದಾಗ ಬೆಳಗಿನ ನಾಡಿ 52ರಿಂದ 60ಕ್ಕೇರಿ ನಿದ್ದೆ ಕೆಟ್ಟಿತು. ಎರಡೇ ದಿನಕ್ಕೆ ಇಳಿಸಿ, ನಡುವೆ ನಿಧಾನದ ಸವಾರಿಯನ್ನು ಉಳಿಸಿಕೊಂಡ ಮೇಲೆಯೇ ದೇಹ ಹದಕ್ಕೆ ಬಂತು. ಫೆಬ್ರವರಿ ಕೊನೆಗೆ ಸಮಯ 38 ನಿಮಿಷ 30 ಸೆಕೆಂಡು. ಮೊದಲ ಎಂಟು ವಾರದ ಬುನಾದಿ ಇಲ್ಲದಿದ್ದರೆ ಇಷ್ಟು ಇಳಿಯುತ್ತಿತ್ತೇ ಎಂಬ ಅನುಮಾನ ನ್ಯಾಯವಾದದ್ದೇ. ಆದರೂ ಸಮಯ ಕಡಿಮೆಯಿರುವವರು ಒಂದನ್ನೇ ಆಯಬೇಕಾದರೆ ನಾನು ಈ ಬಿರುಸಿನ ಅಭ್ಯಾಸವನ್ನೇ ಹೇಳುತ್ತೇನೆ. ಆರಂಭಿಸುವ ಮೊದಲು ವೈದ್ಯರಲ್ಲಿ ಹೃದಯವನ್ನು ಪರೀಕ್ಷಿಸಿಕೊಳ್ಳಬೇಕು.

ಮೂರನೆಯದು ಮಳೆಗಾಲದ ಪಾಲಿಗೆ ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೈಕಲ್ ಹೊರತೆಗೆಯುವುದೇ ಕಷ್ಟವಾದ್ದರಿಂದ, ಹೆಗಲ ಮೇಲೆ 20 ಕಿಲೋ ಅಕ್ಕಿಯ ಚೀಲ ಹೊತ್ತು ವಾರಕ್ಕೆರಡು ದಿನ ಬಸ್ಕಿ ಹೊಡೆದೆ. ಅಕ್ಟೋಬರ್‌ನಲ್ಲಿ ಸಮಯ 39 ನಿಮಿಷವಾಯಿತು, ಅಂದರೆ ಗಳಿಕೆಯೇನೂ ಇಲ್ಲ. ಆದರೆ ನಾಲ್ಕು ತಿಂಗಳು ರಸ್ತೆ ಬಿಟ್ಟಿದ್ದರೂ ಕಳೆದುಕೊಂಡದ್ದು ಅರ್ಧ ನಿಮಿಷ ಮಾತ್ರ, ಮತ್ತು ಕೊನೆಯ ಕಡಿದಾದ ತಿರುವುಗಳಲ್ಲಿ ಪ್ರತಿ ಸಲ ಹಿಡಿದುಕೊಳ್ಳುತ್ತಿದ್ದ ಸೊಂಟ ಆ ದಿನ ಸುಮ್ಮನಿತ್ತು.