ಹಿತ್ತಾಳೆಯಲ್ಲಿ ‘ಧ’ ಮೂಡಿದ ಬಗೆ: ಮನೆಯ ಅಚ್ಚಿಗೆ ಫೈಬರ್ ಲೇಸರ್, ಸಿಎನ್‌ಸಿ ಮತ್ತು ರೆಸಿನ್

ಕನ್ನಡ ವರ್ಣಮಾಲೆಯ 49 ಅಕ್ಷರಗಳನ್ನು ಒಂದೊಂದು ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಉಬ್ಬಾಗಿ ಮೂಡಿಸಿ, ಪ್ರತಿಯೊಂದರ ಕೆಳಗೂ ಅದೇ ಅಕ್ಷರದ ಬ್ರೈಲ್ ಚುಕ್ಕೆಗಳನ್ನು ಕೂರಿಸುವ ಕೆಲಸವನ್ನು ನಾನು ಕಳೆದ ವರ್ಷ ಕೈಗೆತ್ತಿಕೊಂಡೆ. ಕಣ್ಣು ಕಾಣುವ ಮಗು ಮತ್ತು ಕಾಣದ ಮಗು ಒಂದೇ ಬಿಲ್ಲೆಯನ್ನು ಹಿಡಿದು ಅಕ್ಷರ ಕಲಿಯುವಂತಾಗಬೇಕು ಎಂಬುದು ಇದರ ಹಿಂದಿನ ಆಸೆ. ಬಿಲ್ಲೆ 24 ಮಿ.ಮೀ. ಚೌಕ, 3 ಮಿ.ಮೀ. ದಪ್ಪ. ಅಕ್ಷರದ ಎತ್ತರ 12 ಮಿ.ಮೀ., ಅದರ ಉಬ್ಬು 0.6 ಮಿ.ಮೀ., ಬ್ರೈಲ್ ಚುಕ್ಕೆಯ ಉಬ್ಬು 0.5 ಮಿ.ಮೀ. ಅಚ್ಚುಗಳನ್ನು ತಯಾರಿಸುವ ಹೊರಗಿನ ಟೂಲ್ ರೂಮಿನಲ್ಲಿ ಒಂದು ಅಚ್ಚು ಮಾಡಿಸುವುದು ಸಾಧ್ಯವಿತ್ತು, 49 ಮಾಡಿಸುವುದು ನನ್ನ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಮನೆಯ ಹಿಂದಿನ ಶೆಡ್ಡಿನಲ್ಲೇ ಮೂರು ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿದೆ. 60 ವ್ಯಾಟ್‌ನ ಮೋಪಾ (ಬೆಳಕಿನ ಮಿಡಿತದ, ಅಂದರೆ ಪಲ್ಸಿನ, ಉದ್ದವನ್ನು ಬದಲಿಸಬಹುದಾದ) ಫೈಬರ್ ಲೇಸರ್, ನಿಮಿಷಕ್ಕೆ 24,000 ಸುತ್ತು ತಿರುಗುವ ಸ್ಪಿಂಡಲ್ ಇರುವ, ಕಂಪ್ಯೂಟರ್ ನಡೆಸಿದಂತೆ ಕೊರೆಯುವ ಸಣ್ಣ ಸಿಎನ್‌ಸಿ ರೂಟರ್ ಮತ್ತು 0.05 ಮಿ.ಮೀ. ಪಿಕ್ಸೆಲ್‌ನ ರೆಸಿನ್ ಪ್ರಿಂಟರ್ (ದ್ರವ ರೆಸಿನ್ನನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿಗೊಳಿಸುವ ಯಂತ್ರ) ಆ ಮೂರು. ಪ್ಲಾಸ್ಟಿಕ್ ತುಂಬಲು ಬಳಸಿದ್ದು ಸನ್ನೆ ಒತ್ತಿ ನಡೆಸುವ ಕೈ ಮೋಲ್ಡಿಂಗ್ ಮೆಷೀನ್, ಹಾಕಿದ್ದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ದಾಣಾ (ಹರಳು). ಈ ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆಯಾದ್ದರಿಂದ ಎಲ್ಲ ಅಳತೆಗಳನ್ನೂ ಶೇ. 1.5ರಷ್ಟು ಹಿಗ್ಗಿಸಿಕೊಂಡೆ.

ಪರೀಕ್ಷೆಗೆ ಆರಿಸಿಕೊಂಡ ಅಕ್ಷರ ‘ಧ’. ಇದಕ್ಕೂ ‘ದ’ಕ್ಕೂ ಇರುವ ವ್ಯತ್ಯಾಸವೆಂದರೆ ಬುಡದಲ್ಲಿರುವ ಪುಟ್ಟ ಗೆರೆ ಮಾತ್ರ, ಡ–ಢ, ಬ–ಭ ಜೋಡಿಗಳಲ್ಲಿಯೂ ಹೀಗೆಯೇ. ನನ್ನ ಬಿಲ್ಲೆಯ ಅಳತೆಗೆ ಆ ಗೆರೆಯ ಅಗಲ 0.35 ಮಿ.ಮೀ. ಬರುತ್ತದೆ. ಅದು ಸರಿಯಾಗಿ ಮೂಡದಿದ್ದರೆ ‘ಧನ’ ಎಂದು ಜೋಡಿಸಹೊರಟ ಮಗು ‘ದನ’ ಎಂದು ಓದುತ್ತದೆ.

ಮೊದಲು ಲೇಸರಿನಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ಅಚ್ಚಿನ ಇಡೀ ಗುಳಿಯನ್ನು, ಅಂದರೆ 24 ಮಿ.ಮೀ. ಚೌಕದ 3 ಮಿ.ಮೀ. ಆಳವನ್ನು, ಲೇಸರಿನಿಂದಲೇ ತೆಗೆಯಲು ಹೊರಟೆ. ಎರಡು ಗಂಟೆ ಕಳೆದರೂ ಆಳ 0.7 ಮಿ.ಮೀ. ದಾಟಿರಲಿಲ್ಲ. ನನ್ನ ಯಂತ್ರ ಹಿತ್ತಾಳೆಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ ಮೂರೂವರೆ ಘನ ಮಿ.ಮೀ. ಲೋಹವನ್ನು ತೆಗೆಯುತ್ತದೆ, ಆ ಲೆಕ್ಕದಲ್ಲಿ ಒಂದು ಗುಳಿಗೆ ಎಂಟು ಗಂಟೆಗೂ ಮಿಕ್ಕಿ ಬೇಕು. ಬೆಂಗಳೂರಿನಲ್ಲಿ 1972ರಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ ಡೈ (ಅಚ್ಚು) ಕೆಲಸ ಕಲಿತ ಗೆಳೆಯನೊಬ್ಬ ಆ ಅರೆಬರೆ ಗುಳಿಯನ್ನು ನೋಡಿ, “ಎಲ್ಲಾನೂ ಒಂದೇ ಮೆಷೀನಲ್ಲಿ ಆಗ್ಬೇಕು ಅಂತ ಯಾಕೆ ಹಟ ಮಾಡ್ತೀಯಾ? ಅಚ್ಚಿಗೆ ಮೈ ಬೇರೆ ಮಾಡು, ಮುಖ ಬೇರೆ ಮಾಡು” ಎಂದ. ಅಂದಿನಿಂದ ಅಚ್ಚಿನ ರೂಪವೇ ಬದಲಾಯಿತು. ಬಿಲ್ಲೆಯ ಅಂಚುಗಳನ್ನು ರೂಪಿಸುವ ಕಿಟಕಿಯಂಥ ಚೌಕಟ್ಟು ಅಲ್ಯೂಮಿನಿಯಂನದು, ಎಲ್ಲ ಅಕ್ಷರಗಳಿಗೂ ಒಂದೇ. ಅದರ ಹಿಂದೆ ಕೂರುವ 30 ಮಿ.ಮೀ. ಚೌಕದ ಹಿತ್ತಾಳೆ ಪ್ಲೇಟ್ ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತದೆ. 3 ಮಿ.ಮೀ. ದಪ್ಪದ ಆ ಪ್ಲೇಟಿನ ತೂಕ ಸುಮಾರು 23 ಗ್ರಾಂ. 49ಕ್ಕೂ ಸೇರಿ ಒಂದು ಕಿಲೋ ಚಿಲ್ಲರೆ ಹಿತ್ತಾಳೆ ಸಾಕು.

ಹೀಗೆ ಕೆಲಸವನ್ನು ಹಂಚಿದ ಮೇಲೆ ಲೇಸರಿನ ನಿಜವಾದ ಶಕ್ತಿ ಕಾಣಿಸಿತು. ಬಿಲ್ಲೆಯ ಮೇಲೆ ಅಕ್ಷರ ಉಬ್ಬಬೇಕಾದರೆ ಅಚ್ಚಿನಲ್ಲಿ ಅದು ತಿರುವುಮುರುವಾಗಿ ತಗ್ಗಬೇಕು. ತಗ್ಗಬೇಕಾದಷ್ಟು ಲೋಹವನ್ನಷ್ಟೇ ತೆಗೆದರೆ ಮುಗಿಯಿತು. ‘ಧ’ ಅಕ್ಷರದ ಇಡೀ ತಗ್ಗು 50 ಘನ ಮಿ.ಮೀ. ಕೂಡ ಆಗುವುದಿಲ್ಲವಾದ್ದರಿಂದ ಕೆತ್ತನೆ 14 ನಿಮಿಷದಲ್ಲಿ ಮುಗಿಯಿತು. ಇದಕ್ಕೆ ವಿರುದ್ಧವಾಗಿ, ಬಿಲ್ಲೆಯಲ್ಲಿ ಅಕ್ಷರ ತಗ್ಗಾಗಿರಬೇಕು ಎಂದಿದ್ದರೆ ಅಚ್ಚಿನಲ್ಲಿ ಅಕ್ಷರವನ್ನು ಉಳಿಸಿ ಸುತ್ತಲಿನದನ್ನೆಲ್ಲ ತೆಗೆಯಬೇಕಿತ್ತು, ಸಮಯ ಆರೇಳು ಪಟ್ಟು ಹೆಚ್ಚುತ್ತಿತ್ತು. ಲೇಸರಿನಿಂದ ಅಚ್ಚು ಮಾಡಲು ಯೋಚಿಸುವವರು ವಿನ್ಯಾಸದ ಹಂತದಲ್ಲೇ ಈ ಲೆಕ್ಕವನ್ನು ಹಾಕಿಕೊಳ್ಳುವುದು ಒಳ್ಳೆಯದು.

ನಾನು ಬಳಸಿದ್ದು 160 ಮಿ.ಮೀ. ನಾಭಿದೂರದ ಲೆನ್ಸ್, 200 ನ್ಯಾನೋಸೆಕೆಂಡಿನ ಪಲ್ಸ್, 50 ಕಿಲೋಹರ್ಟ್ಸ್, ಗೆರೆಯಿಂದ ಗೆರೆಗೆ 0.025 ಮಿ.ಮೀ. ಅಂತರ. ಪ್ರತಿ ಸುತ್ತಿನಲ್ಲೂ ಗೆರೆಗಳ ದಿಕ್ಕನ್ನು ಕೆಲವು ಡಿಗ್ರಿ ತಿರುಗಿಸದಿದ್ದರೆ ಲೇಸರ್ ಅದೇ ಸಾಲುಗಳಲ್ಲಿ ಮತ್ತೆ ಮತ್ತೆ ಓಡಿ, ತಳ ಉತ್ತ ಹೊಲದಂತಾಗುತ್ತದೆ. ಹತ್ತು ಸುತ್ತಿಗೊಮ್ಮೆ ಕಡಿಮೆ ಶಕ್ತಿಯ, ಗಿಡ್ಡ ಪಲ್ಸಿನ ಒಂದು ಸುತ್ತನ್ನು ಓಡಿಸಿದರೆ ಕರಗಿ ಅಂಟಿಕೊಂಡ ಕಿಟ್ಟ ಎದ್ದು ಹೋಗಿ ಲೋಹದ ಬಣ್ಣ ಮರಳುತ್ತದೆ. ‘ಧ’ದ ಬುಡದ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅದು ಮೂಲೆಯವರೆಗೂ ಚೂಪಾಗಿ, ತುಂಡಾಗದೆ ಇಳಿದಿತ್ತು. ಗೋಡೆಗಳು ತಾವಾಗಿಯೇ ಸುಮಾರು 5 ಡಿಗ್ರಿ ಒಳಗೆ ಓರೆಯಾಗುತ್ತವೆ. ಪ್ಲಾಸ್ಟಿಕ್ ಅಚ್ಚಿನಿಂದ ಸಲೀಸಾಗಿ ಬಿಡಲು ಒಂದೆರಡು ಡಿಗ್ರಿ ಡ್ರಾಫ್ಟ್ (ಗೋಡೆಯ ಓರೆ) ಹೇಗೂ ಬೇಕಾಗುವುದರಿಂದ, ಬೇರೆ ಕೆಲಸಗಳಲ್ಲಿ ದೋಷವೆನಿಸುವ ಈ ಓರೆ ಇಲ್ಲಿ ಉಪಕಾರವೇ ಆಯಿತು.

ಆದರೆ ಅದೇ ಓರೆ ನನ್ನನ್ನು ಒಮ್ಮೆ ಕೆಡವಿತು. ಸಮಯ ಉಳಿಸಲು, ಲೇಸರ್ ತಲುಪುವ 110 ಮಿ.ಮೀ. ಕ್ಷೇತ್ರದ ನಾಲ್ಕು ಮೂಲೆಗಳಲ್ಲಿ ನಾಲ್ಕು ಪ್ಲೇಟುಗಳನ್ನಿಟ್ಟು ಒಟ್ಟಿಗೆ ಕೆತ್ತಿದೆ. ನೋಟಕ್ಕೆ ನಾಲ್ಕೂ ಚೆನ್ನಾಗಿದ್ದವು; ಬಿಲ್ಲೆಗಳು ಮಾತ್ರ ಅಚ್ಚನ್ನು ಬಿಡದೆ ಕಚ್ಚಿಕೊಂಡವು, ಎಬ್ಬಿದಾಗ ಅಕ್ಷರದ ಒಂದು ಬದಿ ಹರಿದು ಬಂತು. ಕಾರಣ ತಿಳಿಯಲು ಎರಡು ದಿನ ಹಿಡಿಯಿತು. ಈ ಬಗೆಯ ಸಾಮಾನ್ಯ ಲೆನ್ಸಿನಲ್ಲಿ ಕಿರಣ ಮಧ್ಯದಲ್ಲಿ ಮಾತ್ರ ನೇರವಾಗಿ ಬೀಳುತ್ತದೆ, 40 ಮಿ.ಮೀ. ಆಚೆ ಅದು ಸುಮಾರು 14 ಡಿಗ್ರಿ ವಾಲಿರುತ್ತದೆ. ಹಾಗಾಗಿ ಒಂದು ಬದಿಯ ಗೋಡೆ ತನ್ನ 5 ಡಿಗ್ರಿ ಓರೆಯನ್ನು ಕಳೆದುಕೊಂಡು ಒಳಗೆ ಕೊರೆದುಕೊಳ್ಳುತ್ತದೆ. ಈಗ ಒಂದು ಸಲಕ್ಕೆ ಒಂದೇ ಪ್ಲೇಟ್, ಅದೂ ಕ್ಷೇತ್ರದ ನಟ್ಟನಡುವೆ.

ಸಿಎನ್‌ಸಿಯಲ್ಲಿ ಅದೇ ‘ಧ’ವನ್ನು 0.5 ಮಿ.ಮೀ. ಬಾಲ್ ನೋಸ್ (ದುಂಡು ತುದಿಯ) ಕಟ್ಟರಿನಿಂದ ಕೆತ್ತಲು 1 ಗಂಟೆ 50 ನಿಮಿಷ ಬೇಕಾಯಿತು, ಆ ಅವಧಿಯಲ್ಲಿ ಮೂರು ಕಟ್ಟರ್ ಮುರಿದವು. ತಳ ಲೇಸರಿಗಿಂತ ಬಹಳ ನಯವಾಗಿ ಬಂತು, ಪ್ಲಾಸ್ಟಿಕ್ಕಿನ ಮೇಲೆ ಬೆಳಕು ಜಾರುವಂತಿತ್ತು. ಆದರೆ 0.5 ಮಿ.ಮೀ. ಕಟ್ಟರ್ 0.35 ಮಿ.ಮೀ. ಗೆರೆಯೊಳಗೆ ಇಳಿಯುವುದಾದರೂ ಹೇಗೆ? ಗೆರೆಯನ್ನು ದಪ್ಪ ಮಾಡಿದರೆ ಅಕ್ಷರದ ಅಂದ ಕೆಡುತ್ತದೆ. 0.3 ಮಿ.ಮೀ. ಕಟ್ಟರ್ ತಂದು ನೋಡಿದೆ. ನನ್ನ ಸ್ಪಿಂಡಲಿನ ಅಲುಗಾಟವನ್ನು ಅದು ತಡೆದುಕೊಳ್ಳಲಿಲ್ಲ, ಹಿತ್ತಾಳೆಗೆ ತಾಗಿದ ಕೂಡಲೇ ತುದಿ ಹೋಯಿತು. ಅಲ್ಯೂಮಿನಿಯಂ ಚೌಕಟ್ಟಿನ ವಿಷಯದಲ್ಲಿ ಇದೇ ಯಂತ್ರ ಆಣಿಮುತ್ತು. 3 ಮಿ.ಮೀ. ಎಂಡ್ ಮಿಲ್ ಕಟ್ಟರಿನಿಂದ ಕಿಟಕಿ, ರನ್ನರ್ (ಪ್ಲಾಸ್ಟಿಕ್ ಹರಿದುಬರುವ ಕಾಲುವೆ), ಭಾಗಗಳನ್ನು ಜಾಗ ತಪ್ಪದಂತೆ ಹಿಡಿಯುವ ಡೋವೆಲ್ ಪಿನ್ನುಗಳ ರಂಧ್ರ ಎಲ್ಲವೂ ಒಂದು ಬೆಳಗಿನೊಳಗೆ ಮುಗಿದವು. ಕಟ್ಟರಿನ ದುಂಡಿನಿಂದಾಗಿ ಬಿಲ್ಲೆಯ ಮೂಲೆಗಳೂ ಮಕ್ಕಳ ಕೈಗೆ ಚುಚ್ಚದಂತೆ ದುಂಡಾದವು.

ಬ್ರೈಲ್ ಚುಕ್ಕೆಗಳ ಬಗ್ಗೆ ನನ್ನ ಎಣಿಕೆ ಪೂರ್ತಿ ತಲೆಕೆಳಗಾಯಿತು. ಲೇಸರಿನಲ್ಲಿ ಗ್ರೇಸ್ಕೇಲ್ ಚಿತ್ರ ಕೊಟ್ಟು, ಕಪ್ಪು ಹೆಚ್ಚಿದಷ್ಟೂ ಆಳ ಹೆಚ್ಚುವಂತೆ ಮಾಡಿ ಅರೆಗೋಳದ ಗುಳಿಗಳನ್ನು ತೆಗೆದೆ. ಬಿಲ್ಲೆಯ ಮೇಲೆ ಚುಕ್ಕೆಗಳು ಮುತ್ತಿನಂತೆ ಕಂಡವು. ಭಾರತಿ ಬ್ರೈಲ್ (ಭಾರತೀಯ ಭಾಷೆಗಳ ಬ್ರೈಲ್ ಲಿಪಿ) ಚೆನ್ನಾಗಿ ಬಲ್ಲ, ತಾವೂ ದೃಷ್ಟಿಹೀನರಾಗಿರುವ ಶಿಕ್ಷಕಿಯೊಬ್ಬರ ಕೈಗೆ ‘ಅ’, ‘ಕ’ ಮತ್ತು ‘ಮ’ ಬಿಲ್ಲೆಗಳನ್ನು ಕೊಟ್ಟೆ. ಅವರು ತೋರುಬೆರಳನ್ನು ಎರಡು ಸಲ ಎಳೆದು, “ಚುಕ್ಕೆ ಸಿಗುತ್ತೆ ಸರ್. ಆದರೆ ಉಪ್ಪುಕಾಗದದ ಮೇಲೆ ಓದಿದ ಹಾಗಿದೆ. ಮಕ್ಕಳು ಹತ್ತು ಬಿಲ್ಲೆ ಓದೋ ಹೊತ್ತಿಗೆ ಬೆರಳು ಉರಿಯುತ್ತೆ” ಎಂದರು. ಲೇಸರ್ ಬಿಟ್ಟ ಒರಟು ತಳ ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಪಾಲಿಪ್ರೊಪಿಲೀನ್ ಅದನ್ನು ತಪ್ಪದೆ ನಕಲು ಮಾಡಿತ್ತು. ಬ್ರೈಲ್ ಬೆರಳಿಗಾಗಿ ಇರುವುದೆಂದು ಗೊತ್ತಿದ್ದೂ ನಾನು ಅದನ್ನು ಕಣ್ಣಿನಿಂದ ಪರೀಕ್ಷಿಸಿದ್ದೆ.

ಈ ಕೆಲಸಕ್ಕೆ ಸಿಎನ್‌ಸಿಯೇ ಸರಿ. 1.5 ಮಿ.ಮೀ. ಬಾಲ್ ನೋಸ್ ಕಟ್ಟರನ್ನು ನೇರವಾಗಿ 0.5 ಮಿ.ಮೀ. ಇಳಿಸಿ ಎತ್ತಿದರೆ ಬಾಯಿ 1.4 ಮಿ.ಮೀ. ಅಗಲದ ನಯವಾದ ಗುಳಿ ಸಿಗುತ್ತದೆ. ಬ್ರೈಲ್ ಚುಕ್ಕೆಯ ಬುಡ ಸುಮಾರು 1.5 ಮಿ.ಮೀ., ಚುಕ್ಕೆಯಿಂದ ಚುಕ್ಕೆಗೆ 2.5 ಮಿ.ಮೀ. ಇರುವುದರಿಂದ ಇದು ಹೊಂದುತ್ತದೆ. ಒಂದು ಚುಕ್ಕೆಗೆ ಕೆಲವೇ ಸೆಕೆಂಡು. ಆದ್ದರಿಂದ ಈಗ ಪ್ರತಿ ಪ್ಲೇಟೂ ಮೊದಲು ಸಿಎನ್‌ಸಿಗೆ ಹೋಗಿ ಚುಕ್ಕೆಗಳನ್ನೂ ಎರಡು ಡೋವೆಲ್ ರಂಧ್ರಗಳನ್ನೂ ಪಡೆಯುತ್ತದೆ. ಆಮೇಲೆ ಅದೇ ರಂಧ್ರಗಳ ಆಧಾರದಿಂದ ಲೇಸರಿನ ಕೆಳಗೆ ಕೂತು ಅಕ್ಷರವನ್ನು ಪಡೆಯುತ್ತದೆ. ಎರಡು ಯಂತ್ರಗಳ ನಡುವೆ ಜಾಗ ತಪ್ಪದಿರಲು ಈ ಎರಡು ಪಿನ್ನುಗಳಷ್ಟೇ ಆಸರೆ.

ರೆಸಿನ್ ಅಚ್ಚು ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗ, ಶ್ರಮವೂ ಕಡಿಮೆ. ಹೆಚ್ಚು ಶಾಖ ತಡೆಯುವ ರೆಸಿನ್ನಿನಲ್ಲಿ ಎರಡೂವರೆ ಗಂಟೆಯಲ್ಲಿ ಮೂರು ಮುಖಗಳನ್ನು ಒಟ್ಟಿಗೆ ಪ್ರಿಂಟ್ ಮಾಡಿ, ತೊಳೆದು, ಬೆಳಕಿನಲ್ಲಿ ಗಟ್ಟಿಗೊಳಿಸಿ, ಅದೇ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂರಿಸಿದೆ. ಮೊದಲ ಐದಾರು ಬಿಲ್ಲೆಗಳು ಸೊಗಸಾಗಿ ಬಂದವು. ಆದರೆ ಲೋಹದಲ್ಲಿ ಅರ್ಧ ನಿಮಿಷದಲ್ಲಿ ಆರುವ ಬಿಲ್ಲೆ ರೆಸಿನ್ನಿನಲ್ಲಿ ಆರಲು ಮೂರು ನಿಮಿಷ ಕಾಯಬೇಕು, ಏಕೆಂದರೆ ಅದು ಶಾಖವನ್ನು ಹೊರಗೆ ಬಿಡುವುದೇ ಇಲ್ಲ. ಇನ್ನೊಂದು ತೊಂದರೆ ಅಕ್ಷರಗಳ ಆಕಾರದಿಂದಲೇ ಬರುವಂಥದು. ‘ಠ’ದಂಥ ದುಂಡಕ್ಷರದಲ್ಲಿ ಒಳಗಿನ ಖಾಲಿ ಜಾಗ ಅಚ್ಚಿನಲ್ಲಿ ದ್ವೀಪದಂತೆ ಎದ್ದು ನಿಂತಿರುತ್ತದೆ. ಹದಿನೈದನೆಯ ಬಿಲ್ಲೆಯನ್ನು ಎಬ್ಬುವಾಗ ಆ ದ್ವೀಪದ ಒಂದು ತುಣುಕು ಮುರಿದು ಪ್ಲಾಸ್ಟಿಕ್ಕಿನೊಳಗೇ ಉಳಿಯಿತು. ಹಾಗೆಂದು ನಾನು ರೆಸಿನ್ ಬಿಟ್ಟಿಲ್ಲ. ಹೊಸ ಅಕ್ಷರದ ಗಾತ್ರ, ದಪ್ಪ, ಚುಕ್ಕೆಗಳ ಜಾಗ ಸರಿಯೇ ಎಂದು ಲೋಹ ಮುಟ್ಟುವ ಮೊದಲು ನೋಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಾಯ ನನ್ನ ಬಳಿ ಇಲ್ಲ. ಐದು ಅಕ್ಷರಗಳನ್ನು ಈ ಹಂತದಲ್ಲೇ ತಿದ್ದಿದ್ದೇನೆ.

ಹೊರಗೆ ಸ್ಪಾರ್ಕ್ ಇರೋಷನ್ (ವಿದ್ಯುತ್ ಕಿಡಿಗಳಿಂದ ಲೋಹ ಕೊರೆಯುವ ವಿಧಾನ) ಮಾಡಿಸಿದರೆ ಗುಣಮಟ್ಟ ಇವೆಲ್ಲಕ್ಕಿಂತ ಮೇಲು ಎಂಬುದನ್ನು ಒಪ್ಪಲೇಬೇಕು. ಆದರೆ ಅಲ್ಲಿ ಪ್ರತಿ ಅಕ್ಷರಕ್ಕೂ ತಾಮ್ರದ ಎಲೆಕ್ಟ್ರೋಡನ್ನು ಮೊದಲು ಕೆತ್ತಬೇಕು, 49 ಅಕ್ಷರಕ್ಕೆ 49 ಎಲೆಕ್ಟ್ರೋಡ್.

ಲೇಸರಿನಿಂದ ನಾನು ನಿರೀಕ್ಷಿಸದೇ ಇದ್ದ ಇನ್ನೊಂದು ಲಾಭವೆಂದರೆ ಗಾಳಿ ಹೋಗುವ ದಾರಿ. ಪ್ಲಾಸ್ಟಿಕ್ ನುಗ್ಗುವಾಗ ಗುಳಿಯೊಳಗಿನ ಗಾಳಿ ಹೊರಗೆ ಹೋಗದಿದ್ದರೆ ಮೂಲೆಗಳು ತುಂಬುವುದಿಲ್ಲ. ದಾರಿ ದೊಡ್ಡದಾದರೆ ಪ್ಲಾಸ್ಟಿಕ್ಕೇ ನುಸುಳಿ ಫ್ಲ್ಯಾಶ್ (ಅಂಚಿನಾಚೆಯ ತೆಳು ಪರೆ) ಆಗುತ್ತದೆ. ಪಾಲಿಪ್ರೊಪಿಲೀನಿಗೆ ಈ ದಾರಿಯ ಆಳ 0.02 ಮಿ.ಮೀ. ಆಸುಪಾಸಿನಲ್ಲಿರಬೇಕು. ನನ್ನ ರೂಟರಿನಲ್ಲಿ ಅಷ್ಟು ತೆಳುವಾಗಿ ಹೆರೆಯುವುದು ಆಗದ ಮಾತು. ಲೇಸರಿನಲ್ಲಾದರೆ ಎಷ್ಟು ಸುತ್ತು ಓಡಿಸಬೇಕೆಂದು ಎಣಿಸಿದರೆ ಸಾಕು, ಆಳ ಹೇಳಿದಂತೆ ಕೇಳುತ್ತದೆ. ಲೇಸರ್ ಓಡಿದ ಅಂಚಿನಲ್ಲಿ ಕೂದಲೆಳೆಯಷ್ಟು ಏಣು ಏಳುತ್ತದೆ, ಅದು ಪ್ಲೇಟನ್ನು ಚೌಕಟ್ಟಿಗೆ ಕೂರಗೊಡುವುದಿಲ್ಲ. ದಪ್ಪ ಗಾಜಿನ ಮೇಲೆ 600ರ ಎಮರಿ ಪೇಪರ್, ಆಮೇಲೆ 1000ದ್ದು ಹಾಸಿ, ಪ್ಲೇಟನ್ನು ಎಂಟರ ಆಕಾರದಲ್ಲಿ ಹತ್ತು ಸಲ ಉಜ್ಜಿದ ಮೇಲೆಯೇ ಜೋಡಿಸುತ್ತೇನೆ. ಮೊದಲ ದಿನಗಳಲ್ಲಿ ಬಿಲ್ಲೆಯ ಸುತ್ತ ಬರುತ್ತಿದ್ದ ತೆಳು ಪರೆ ಇದರಿಂದ ನಿಂತಿತು. ಅಚ್ಚನ್ನು 60 ಡಿಗ್ರಿಯವರೆಗೆ ಬೆಚ್ಚಗೆ ಮಾಡಿಕೊಳ್ಳುವುದೂ ಅಷ್ಟೇ ಮುಖ್ಯ; ತಣ್ಣನೆಯ ಅಚ್ಚಿನಲ್ಲಿ ‘ಧ’ದ ಗೆರೆ ಅರ್ಧಕ್ಕೇ ಹೆಪ್ಪುಗಟ್ಟುತ್ತದೆ.

ಲೋಹದ ಆಯ್ಕೆಯ ಬಗ್ಗೆ ಎರಡು ಮಾತು. ಅಲ್ಯೂಮಿನಿಯಂ ಮೇಲೆ ಲೇಸರ್ ಕೆತ್ತನೆ ನನ್ನ ಕೈಯಲ್ಲಿ ಗಂಟುಗಂಟಾಗಿ, ಬೂದು ಪುಡಿ ಮೆತ್ತಿಕೊಂಡು ಬಂತು. ಉಕ್ಕಿನಲ್ಲಿ ಅಂಚು ಚೆನ್ನಾಗಿದ್ದರೂ ಚುಕ್ಕೆಗಳನ್ನು ಕೊರೆಯಲು ನನ್ನ ರೂಟರಿಗೆ ತಾಳ್ಮೆ ಇಲ್ಲ. ಹಿತ್ತಾಳೆ ಎರಡೂ ಯಂತ್ರಗಳಿಗೆ ಒಗ್ಗುತ್ತದೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಕೊಳ್ಳುವಾಗ ಲೇತ್ ಕೆಲಸದ ರಾಡನ್ನು ಬಿಟ್ಟು ಶೀಟನ್ನೇ ಕೇಳಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಆ ರಾಡುಗಳಲ್ಲಿ ಸುಲಭವಾಗಿ ಕತ್ತರಿಸಲೆಂದು ಸೀಸ ಬೆರೆಸಿರುತ್ತಾರೆ ಮತ್ತು ಲೇಸರ್ ಅದನ್ನು ಹೊಗೆಯಾಗಿ ಎಬ್ಬಿಸುತ್ತದೆ. ಸೀಸವಿಲ್ಲದಿದ್ದರೂ ಸತುವಿನ ಹೊಗೆ ಇದ್ದೇ ಇರುತ್ತದೆ. ಅದನ್ನು ಉಸಿರಾಡಿದರೆ ಸಂಜೆಗೆ ಚಳಿಜ್ವರ ಬಂದಂತಾಗುತ್ತದೆ. ಹೊಗೆಯನ್ನು ಕೊಳವೆಯಿಂದ ಹೊರಗೆ ಎಳೆಯುವ ಫ್ಯಾನ್ ಇಲ್ಲದೆ ನಾನು ಸ್ವಿಚ್ ಮುಟ್ಟುವುದಿಲ್ಲ. ಕಣ್ಣಿನ ವಿಷಯ ಇನ್ನೂ ಗಂಭೀರ. 1064 ನ್ಯಾನೋಮೀಟರಿನ ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ, ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ, ಆದರೆ ಅದು ನೇರವಾಗಿ ಅಕ್ಷಿಪಟಲದವರೆಗೆ ಹೋಗಿ ಸುಡುತ್ತದೆ. ಹೊಳೆಯುವ ಹಿತ್ತಾಳೆ ಅದನ್ನು ಎತ್ತ ಬೇಕಾದರೂ ಹಿಂದಿರುಗಿಸಬಹುದು. ಮುಚ್ಚಿದ ಪೆಟ್ಟಿಗೆ ಮತ್ತು ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಎರಡೂ ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಶೆಡ್ಡಿನ ಬಾಗಿಲಿಗೆ ಚಿಲಕವೂ ಬೇಕು.

ಈವರೆಗೆ 31 ಪ್ಲೇಟುಗಳು ಮುಗಿದಿವೆ. ‘ಧ’ ಪ್ಲೇಟಿನಿಂದ 400ಕ್ಕೂ ಹೆಚ್ಚು ಬಿಲ್ಲೆ ತೆಗೆದ ಮೇಲೂ ಬುಡದ ಗೆರೆಯ ಅಂಚು ಮೊದಲ ದಿನದಂತೆಯೇ ಇದೆ. ಸವೆದಿರುವುದು ಅಲ್ಯೂಮಿನಿಯಂ ಚೌಕಟ್ಟು. ಪ್ರತಿ ಅಕ್ಷರಕ್ಕೂ ಅದೇ ದುಡಿಯುವುದರಿಂದ ಪ್ಲಾಸ್ಟಿಕ್ ಒಳಗೆ ನುಗ್ಗುವ ಗೇಟಿನ ಬಾಯಿ ಹಿಗ್ಗಿ, ಬಿಲ್ಲೆಯ ಬದಿಯಲ್ಲಿ ಉಗುರಿಗೆ ಸಿಗುವಷ್ಟು ಪರೆ ಬರತೊಡಗಿದೆ. ಮುಂದಿನ ಚೌಕಟ್ಟನ್ನು ಉಕ್ಕಿನಲ್ಲಿ ಹೊರಗೆ ಮಾಡಿಸಲು ಡ್ರಾಯಿಂಗ್ ಕೊಟ್ಟಿದ್ದೇನೆ; ಅದರ ಡೋವೆಲ್ ರಂಧ್ರಗಳ ಅಳತೆ ಈಗಿರುವ 31 ಪ್ಲೇಟುಗಳಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು.