ಹನ್ನೊಂದು ಹಳೆಯ ಕ್ಷೌರದ ಕತ್ತಿ, ಒಂದೇ ಮುಖ: ಆರು ವರ್ಷ ಬಳಸಿದ ಮೇಲೆ

ನನ್ನ ಪೆಟ್ಟಿಗೆಯಲ್ಲಿ ಈಗ ಹನ್ನೊಂದು ಹಳೆಯ ಕ್ಷೌರದ ಕತ್ತಿಗಳಿವೆ. ಗಡ್ಡಕ್ಕೆ ಬರುವುದು ಮೂರೇ ಮೂರು. ಉಳಿದ ಎಂಟನ್ನು ಆಗಾಗ ಹೊರಗೆ ತೆಗೆದು, ಒರೆಸಿ, ಎಣ್ಣೆ ಸವರಿ, ಮತ್ತೆ ಒಳಗಿಡುತ್ತೇನೆ. ಆರು ವರ್ಷ ಇವುಗಳ ಜೊತೆ ಏಗಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಕಣ್ಣು ಕೇಳುವ ಕತ್ತಿ ಬೇರೆ, ಕೆನ್ನೆ ಕೇಳುವ ಕತ್ತಿ ಬೇರೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ದುಡ್ಡು ಉಳಿಯುತ್ತಿತ್ತು. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ನಾನು ಹೇಳುತ್ತಿರುವುದು ಹಿಡಿಯೊಳಗೆ ಮಡಚಿಕೊಳ್ಳುವ, ಒಂದೇ ಉಕ್ಕಿನ ಅಲಗಿನ ಸ್ಟ್ರೇಟ್ ರೇಜರ್ ಬಗ್ಗೆ. ಅರ್ಧ ಬ್ಲೇಡ್ ಸಿಕ್ಕಿಸಿ ಆಮೇಲೆ ಎಸೆಯುತ್ತಾರಲ್ಲ, ಅದಲ್ಲ. ಅದಕ್ಕೆ ಮಸೆಯುವ ಕಲ್ಲೂ ಬೇಡ, ಹರಿತ ಕಾಯುವ ಚರ್ಮದ ಪಟ್ಟಿಯೂ ಬೇಡ.

ಮೊದಲು ಕೊಂಡದ್ದು ಇಂಗ್ಲೆಂಡಿನ ಶೆಫೀಲ್ಡಿನ ಒಂದು ಅಗಲವಾದ ಕತ್ತಿ. ಕಪ್ಪು ಕೊಂಬಿನ ಹಿಡಿ. ಅಲಗು ಕನ್ನಡಿ ಥರ ಹೊಳೆಯುತ್ತಿತ್ತು. ಮಾರಿದವರು ‘ನೇರ ಗಡ್ಡಕ್ಕೆ ಹಾಕಬಹುದು’ ಎಂದು ಬರೆದಿದ್ದರು. ಹಾಕಿದೆ. ಕೂದಲನ್ನು ಕತ್ತರಿಸಲಿಲ್ಲ, ಕಿತ್ತಿತು. ಕಣ್ಣಲ್ಲಿ ನೀರು ಬಂತು. ಕಲ್ಲಿಗೆ ಹಾಕಿದರೆ ಹರಿತ ಬೇಗ ಬರುತ್ತಿತ್ತು, ಒಂದು ಗಡ್ಡಕ್ಕೇ ಹೋಗುತ್ತಿತ್ತು. ಕಾರಣ ತಿಳಿಯೋಕೆ ತಿಂಗಳುಗಳೇ ಬೇಕಾದವು. ತುಕ್ಕು ತೆಗೆಯಲು ಯಾರೋ ಅದನ್ನು ಯಂತ್ರದ ಚಕ್ರಕ್ಕೆ ಒತ್ತಿ ಹೊಳಪು ಕೊಟ್ಟಿದ್ದರು. ಬಾಯಿಯ, ಅಂದರೆ ಕತ್ತರಿಸುವ ಅಂಚಿನ, ಹತ್ತಿರ ಅಲಗು ತೀರಾ ತೆಳು. ಅಲ್ಲಿ ಬಿಸಿ ಏರಿದರೆ ಉಕ್ಕಿಗೆ ಕೊಟ್ಟ ಹದ ಹೋಗುತ್ತದೆ. ಒಮ್ಮೆ ಹೋದ ಹದ ಕಲ್ಲಿನಿಂದ ಬರುವುದಿಲ್ಲ. ಸುಳಿವು ಎದುರಿಗೇ ಇತ್ತು: ಕಾಂಡದ (ಅಲಗು ಹಿಡಿಗೆ ಸೇರುವ ಭಾಗದ) ಮೇಲೆ ಒತ್ತಿದ ಅಕ್ಷರಗಳು ಅರ್ಧ ಸವೆದು ಮಸುಕಾಗಿದ್ದವು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರಲ್ಲ, ಫೋಟೋದಲ್ಲಿನ ಅಲಗೂ ಹಾಗೇ. ಈಗ ನಾನು ಹೊಳಪು ಕಂಡರೆ ಅನುಮಾನ ಪಡುತ್ತೇನೆ. ಸಮನಾಗಿ ಕಪ್ಪಿಟ್ಟ, ಮಂಕಾದ ಅಲಗು ಕಂಡರೆ ಖುಷಿಯಾಗುತ್ತದೆ.

ಆ ಅಕ್ಷರಗಳನ್ನು ಓದುವುದೇ ಒಂದು ಹುಚ್ಚು. ಅಮೆರಿಕದಲ್ಲಿ 1890ರಲ್ಲಿ ಮೆಕಿನ್ಲೆ ಸುಂಕದ ಕಾಯ್ದೆ ಬಂತು. ಹೊರಗಿನಿಂದ ಬರುವ ಸರಕಿನ ಮೇಲೆ ಯಾವ ದೇಶದ್ದು ಎಂದು ನಮೂದಿಸಬೇಕಾಯಿತು. ಹಾಗಾಗಿ ‘ಜರ್ಮನಿ’, ‘ಇಂಗ್ಲೆಂಡ್’ ಎಂಬ ಮುದ್ರೆ ಇದ್ದರೆ ಸಾಮಾನ್ಯವಾಗಿ ಆಮೇಲಿನದು ಎಂದು ಹೇಳಬಹುದು. ‘ವಿ ಆರ್’ ಮತ್ತು ಕಿರೀಟ ಇದ್ದರೆ ವಿಕ್ಟೋರಿಯಾ ಕಾಲ, ಅಂದರೆ 1837ರಿಂದ 1901. ‘ಡಬ್ಲ್ಯೂ ಆರ್’ ಇದ್ದರೆ ಅದಕ್ಕೂ ಹಿಂದಿನ ನಾಲ್ಕನೇ ವಿಲಿಯಂ ಕಾಲ. ಕೆಲವದರ ಮೇಲೆ ‘ಕಾಸ್ಟ್ ಸ್ಟೀಲ್’, ಅಂದರೆ ಕರಗಿಸಿ ಎರೆದ ಉಕ್ಕು, ಎಂದಿರುತ್ತದೆ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಶೆಫೀಲ್ಡಿನಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ಸಾಧಿಸಿದ ಮೇಲೆ ಅಂಥ ಏಕರೂಪದ ಉಕ್ಕು ಸಿಗತೊಡಗಿತು. ಎಷ್ಟು ಹೆಮ್ಮೆ ಇದ್ದಿರಬೇಕು, ಕತ್ತಿಯ ಮೇಲೇ ಬರೆದುಕೊಂಡಿದ್ದಾರೆ.

ಇದೆಲ್ಲ ಕಣ್ಣಿನ ಖುಷಿ. ಕೆನ್ನೆಗೆ ಇತಿಹಾಸ ಗೊತ್ತಿಲ್ಲ. ಅದು ಕೇಳುವುದು ಅಲಗಿನ ಅಗಲ ಮತ್ತು ಹೊಟ್ಟೆ. ಅಗಲವನ್ನು ಇಂಚಿನ ಎಂಟು ಭಾಗದಲ್ಲಿ ಎಣಿಸುತ್ತಾರೆ: 5/8, 6/8, 7/8 ಹೀಗೆ. ಹೊಟ್ಟೆ ಅಂದರೆ ಎರಡು ಬದಿಯನ್ನು ಎಷ್ಟು ಒಳಗೆ ತೋಡಿದ್ದಾರೆ ಎನ್ನುವುದು. ಹಳೆಯ ಶೆಫೀಲ್ಡ್ ಕತ್ತಿಗಳು ಹೆಚ್ಚಾಗಿ ಬೆಣೆಯ ಹಾಗೆ ದಪ್ಪ, ಭಾರ. ಆಮೇಲೆ ಜರ್ಮನಿಯ ಸೋಲಿಂಗನ್‌ನವರು ಎರಡೂ ಬದಿ ತೋಡಿ ಕಾಗದದಷ್ಟು ತೆಳು ಮಾಡಿದರು. ತೆಳು ಅಲಗು ಗಡ್ಡದ ಮೇಲೆ ಹಾಡುತ್ತದೆ. ನಿಜವಾಗಿಯೂ! ಒಂದೊಂದು ಕೂದಲು ಕತ್ತರಿಸಿದ್ದೂ ಕಿವಿಗೆ ಕೇಳುತ್ತದೆ. ಬೆಣೆ ಕತ್ತಿ ಮಾತಾಡುವುದಿಲ್ಲ, ಸುಮ್ನೆ ಕೆಲಸ ಮುಗಿಸುತ್ತದೆ. ನಾಲ್ಕು ದಿನದ ಗಡ್ಡಕ್ಕೆ ನನಗೆ ಅದೇ ಬೇಕು.

ದಿನಾ ಕೈಗೆ ಬರುವುದು ಮಾತ್ರ ಹನ್ನೊಂದರಲ್ಲಿ ಅತ್ಯಂತ ಸಪ್ಪೆ ಮುಖದ್ದು. ಸೋಲಿಂಗನ್, 5/8, ಕಪ್ಪು ಪ್ಲಾಸ್ಟಿಕ್ ಹಿಡಿ, ಚಿತ್ತಾರ ಇಲ್ಲ, ಚಿನ್ನದ ನೀರು ಇಲ್ಲ. ಬೇರೊಂದನ್ನು ಕೊಳ್ಳುವಾಗ ಜೊತೆಗೆ ಬಂದದ್ದು. ಎರಡನೆಯದು ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ್ದು. ಅದರ ಉಕ್ಕು ಗಟ್ಟಿ. ಕಲ್ಲಿನ ಮೇಲೆ ಸತಾಯಿಸುತ್ತದೆ, ಹರಿತ ಬಂದ ಮೇಲೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಮೂರನೆಯದು ಆ ಬೆಣೆ ಕತ್ತಿ.

ಈಗ ಕಲ್ಲಿನ ಮಾತು. ಈ ಹವ್ಯಾಸದಲ್ಲಿ ಯಾರೂ ಸರಿಯಾಗಿ ಹೇಳದೆ ಬಿಡುವ ಭಾಗ ಇದು. ಕ್ಷೌರದ ಕತ್ತಿಗೆ ಕೋನ ನಾವು ಹಿಡಿಯಬೇಕಾಗಿಲ್ಲ. ಬೆನ್ನು ಮತ್ತು ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ಮುಗಿಯಿತು, ಕೋನ ಅದಾಗಿಯೇ ಬರುತ್ತದೆ. ಮಾಡಿದವನು ಬೆನ್ನಿನ ದಪ್ಪದಲ್ಲೇ ಲೆಕ್ಕ ಹಾಕಿಟ್ಟಿದ್ದಾನೆ. ಬಾಯಿ ಸವೆದಂತೆ ಬೆನ್ನೂ ಸವೆಯುತ್ತದೆ, ಕೋನ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಎಂಥ ಉಪಾಯ ಅಲ್ವಾ? ಕಲ್ಲಿನ ಸಂಖ್ಯೆ ಹೆಚ್ಚಿದಷ್ಟೂ ಅದು ನುಣುಪು. ನಾನು 1000ದ ಕಲ್ಲಿನಲ್ಲಿ ಎರಡೂ ಬದಿ ಬಾಯಿಯಲ್ಲಿ ಕೂಡುವಂತೆ ಮಸೆದು, 4000, 8000 ದಾಟಿ, 12000ದಲ್ಲಿ ಮುಗಿಸುತ್ತೇನೆ. ಕೇಳಲು ಸುಲಭ. ಮೊದಲ ವರ್ಷ ನಾನು ಮಾಡಿದ ತಪ್ಪು ಒಂದೇ, ಒತ್ತುವುದು. ಒತ್ತಿದರೆ ತೆಳು ಅಲಗು ಬಾಗುತ್ತದೆ, ಬಾಯಿ ಕಲ್ಲಿನಿಂದ ಏಳುತ್ತದೆ. ಎಷ್ಟು ಉಜ್ಜಿದರೂ ಮೊಂಡು. ಕತ್ತಿಯ ಭಾರಕ್ಕಿಂತ ಸ್ವಲ್ಪವೇ ಜಾಸ್ತಿ ಸಾಕು ಅಂತ ಕೈಗೆ ಗೊತ್ತಾಗುವ ಹೊತ್ತಿಗೆ ಸೋಲಿಂಗನ್ ಕತ್ತಿಯ ಬೆನ್ನನ್ನು ಬೇಕಾದ್ದಕ್ಕಿಂತ ಹೆಚ್ಚು ತಿಂದುಬಿಟ್ಟಿದ್ದೆ. ಈಗ ಬೆನ್ನಿಗೆ ತೆಳುವಾದ ಟೇಪ್ ಅಂಟಿಸುತ್ತೇನೆ.

ಕಲ್ಲು ಅಪರೂಪಕ್ಕೆ, ಚರ್ಮದ ಪಟ್ಟಿ ಪ್ರತಿ ದಿನ. ಕಲ್ಲಿನ ಮೇಲೆ ಬಾಯಿ ಮುಂದೆ, ಚರ್ಮದ ಮೇಲೆ ಬೆನ್ನು ಮುಂದೆ. ತುದಿಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಬೇಕು, ಬಾಯಿಯ ಮೇಲಲ್ಲ. ನಾನು ಮೊದಲ ವಾರವೇ ಬಾಯಿಯ ಮೇಲೆ ಹೊರಳಿಸಿ ಹೊಸ ಪಟ್ಟಿಗೆ ಅರ್ಧಚಂದ್ರದಂಥ ಗಾಯ ಮಾಡಿದೆ. ನಿಮ್ಮದು ಮೊದಲ ಪಟ್ಟಿಯಾದರೆ ಅಗ್ಗದ್ದೇ ತೆಗೆದುಕೊಳ್ಳಿ.

ಇನ್ನು ಕ್ಷೌರ. ಮೊದಲ ತಿಂಗಳು ಬರೀ ಕೆನ್ನೆ ಮಾಡಿ, ಉಳಿದದ್ದಕ್ಕೆ ಮಾಮೂಲಿ ರೇಜರ್ ಹಿಡಿಯಿರಿ. ಚರ್ಮ ಬಿಗಿಯಾಗಿ ಎಳೆದು ಹಿಡಿಯುವುದೇ ಅರ್ಧ ಕೆಲಸ. ಅಲಗು ಕೆನ್ನೆಗೆ ಸುಮಾರು 30 ಡಿಗ್ರಿ ಓರೆ. ಮೊದಲು ಕೂದಲು ಬೆಳೆದ ದಿಕ್ಕಿಗೆ, ನೊರೆ ಹಚ್ಚಿ ಮತ್ತೆ ಅಡ್ಡಕ್ಕೆ. ಎದುರು ದಿಕ್ಕಿಗೆ ಹೋಗುವ ಧೈರ್ಯ ನನಗೆ ಬಂದದ್ದು ಎರಡನೇ ವರ್ಷ. ಗದ್ದ ಇವತ್ತಿಗೂ ಜಗಳವೇ. ಶುರುವಿನಲ್ಲಿ 40 ನಿಮಿಷ ಬೇಕಿತ್ತು, ಈಗ 20 ಸಾಕು. ಅವಸರ ಇದ್ದ ದಿನ ಮುಟ್ಟುವುದಿಲ್ಲ. ಮುಟ್ಟಿದ ದಿನಗಳ ಗುರುತು ಬಲಗಿವಿಯ ಕೆಳಗಿದೆ.

ನುಣುಪಿನ ಬಗ್ಗೆ ನಿಜ ಹೇಳುತ್ತೇನೆ. ಎರಡು ಬಾಯಿಯ ಬ್ಲೇಡ್ ಹಾಕುವ ಸೇಫ್ಟಿ ರೇಜರ್ ಕೂಡ ಇಷ್ಟೇ ನುಣ್ಣಗೆ ಮಾಡುತ್ತದೆ, ಕಾಲು ಭಾಗ ಸಮಯದಲ್ಲಿ. ಮೂರು ನಾಲ್ಕು ಬ್ಲೇಡಿನ ರೇಜರ್ ಬಿಟ್ಟ ಮೇಲೆ ನನ್ನ ಕುತ್ತಿಗೆಯ ಗುಳ್ಳೆಗಳು ಕಡಿಮೆಯಾದವು, ಆದರೆ ಅದಕ್ಕೆ ಒಂದೇ ಅಲಗು ಸಾಕು, ನೂರು ವರ್ಷ ಹಳೆಯದೇ ಆಗಬೇಕಿಲ್ಲ.

ತುಕ್ಕಿನ ಕಾಟ ಇದ್ದೇ ಇದೆ. ಈ ಉಕ್ಕಿಗೆ ನೀರಿನ ಹನಿ ಆಗುವುದಿಲ್ಲ. ತೊಳೆದು, ಒರೆಸಿ, ತೆರೆದಿಟ್ಟು ಒಣಗಿಸಬೇಕು. ಅದಕ್ಕಿಂತ ದೊಡ್ಡ ಶತ್ರು ಹಿಡಿಯೊಳಗೇ ಇರಬಹುದು. ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಹಿಡಿಗಳು ಕೆಲವೊಮ್ಮೆ ತಾವಾಗಿಯೇ ಕೊಳೆಯತೊಡಗುತ್ತವೆ. ಆಗ ಹೊರಡುವ ಆಮ್ಲದ ಹಬೆ ಅಲಗನ್ನು ತಿನ್ನುತ್ತದೆ. ನನ್ನ ಒಂದು ಕತ್ತಿಗೆ ಆಮೆಚಿಪ್ಪಿನ ಬಣ್ಣದ ಚೆಂದದ ಹಿಡಿ ಇತ್ತು. ಎಷ್ಟು ಎಣ್ಣೆ ಹಚ್ಚಿದರೂ ಅಲಗು ಹಿಡಿಯೊಳಗೆ ಕೂರುವ ಜಾಗದಲ್ಲೇ ತುಕ್ಕು. ಹಿಡಿ ಬಿಚ್ಚಿ ಹಾಕಿದೆ. ಅಲಗು ಈಗ ಬೋಳಾಗಿ ಎಣ್ಣೆ ಬಟ್ಟೆಯಲ್ಲಿದೆ. ಅಂಥ ಹಿಡಿ ಇದ್ದರೆ ಬೇರೆ ಕತ್ತಿಗಳ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡಿ.

ಇಷ್ಟು ಹಳೆಯ ಕತ್ತಿಗಳು ಇನ್ನೂ ಸಿಗುತ್ತಿರುವುದಕ್ಕೆ ಬ್ಲೇಡ್ ಬದಲಿಸುವ ಸೇಫ್ಟಿ ರೇಜರ್ ಮಾರಿದ ಜಿಲೆಟ್ ಕಂಪನಿಗೂ ಒಂದಿಷ್ಟು ಋಣ ಇದೆ. 1903ರಲ್ಲಿ ಅವರು ಮಾರಿದ್ದು 51 ರೇಜರ್, 168 ಬ್ಲೇಡ್ ಮಾತ್ರ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕೈಗೇ ಆ ರೇಜರ್ ಬಂತು. ಆಮೇಲೆ ಮಡಚುವ ಕತ್ತಿಗಳು ಡ್ರಾಯರ್ ಸೇರಿದವು, ಎಷ್ಟೋ ಕತ್ತಿಗಳು ಸವೆಯುವ ಮೊದಲೇ.

ನನ್ನ ಎಂಟರಲ್ಲಿ ಆರು ಒಂದೇ ಪೆಟ್ಟಿಗೆಯವು. ವಾರಕ್ಕೆ ಏಳು ಕತ್ತಿಯ ಸೆಟ್ಟು, ಬೆನ್ನಿನ ಮೇಲೆ ಒಂದೊಂದು ವಾರದ ಹೆಸರು. ಬುಧವಾರ ಕಳೆದುಹೋಗಿದೆ. ಐದರ ಬೆನ್ನಿನ ಅಕ್ಷರ ನಿಚ್ಚಳವಾಗಿವೆ, ಅಂದರೆ ಅವು ಹೆಚ್ಚು ಕಲ್ಲು ಕಂಡಿಲ್ಲ. ಶುಕ್ರವಾರದ್ದು ಮಾತ್ರ ಅರ್ಧ ಅಳಿಸಿದೆ. ಯಾರೋ ಏಳರಲ್ಲಿ ಅದೊಂದನ್ನೇ ಮೆಚ್ಚಿ, ಮತ್ತೆ ಮತ್ತೆ ಮಸೆದು, ಬಳಸಿದ್ದಾರೆ. ಕಲ್ಲಿಗೆ ಹಾಕಿದರೆ ಹೆಸರು ಹೋಗುತ್ತದೆ ಎಂದು ಮೂರು ವರ್ಷದಿಂದ ಆ ಸೆಟ್ಟನ್ನು ಮುಟ್ಟಿಲ್ಲ. ಈ ಭಾನುವಾರ ಶುಕ್ರವಾರವನ್ನು ಕಲ್ಲಿಗೆ ಹಾಕೋಣ ಅಂತಿದ್ದೇನೆ. ಟೇಪ್ ಅಂಟಿಸುವುದಿಲ್ಲ.